ಧೂಳಿಗಾಗಿ ಕಾದ ಬೇಸಿಗೆ

ನನಗೂ ಧೂಳಿಗೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ಮದುವೆಯಾಗಿ ತುಮಕೂರಿನ ಕಡೆಯಿಂದ ಕಾಶಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಅದರಲ್ಲಿ ಅರ್ಧ ಆಯುಷ್ಯ ಕಿಟಕಿ ಒರೆಸುವುದರಲ್ಲೇ ಹೋಯಿತು ಎಂದರೆ ನಮ್ಮ ಮನೆಯವರು ನಗುತ್ತಾರೆ, ಆದರೆ ಅಲ್ಲಗಳೆಯುವುದಿಲ್ಲ. ಭೇಲೂಪುರದ ಒಂದು ಗಲ್ಲಿಯಲ್ಲಿ ನಮ್ಮದು ಎರಡು ಅಂತಸ್ತಿನ ಹಳೆಯ ಮನೆ. ಹೋಳಿ ಮುಗಿದದ್ದೇ ತಡ, ಪಶ್ಚಿಮದ ಒಣಗಾಳಿ ಶುರುವಾಗುತ್ತದೆ. ಮೇ ತಿಂಗಳಲ್ಲಿ ಲೂ ಎಂಬ ಮೈ ಸುಡುವ ಬಿಸಿಗಾಳಿ, ಅದರ ನಡುವೆ ಒಂದೊಂದು ದಿನ ಆಂಧಿ. ಆಂಧಿ ಎಂದರೆ ಬರಿಯ ಬಿರುಗಾಳಿಯಲ್ಲ, ಮರುಭೂಮಿಯ ಕಡೆಯಿಂದ ಧೂಳನ್ನೇ ಹೊತ್ತು ಬರುವ ಬಿರುಗಾಳಿ. ಮಧ್ಯಾಹ್ನ ಮೂರು ಗಂಟೆಗೆ ಆಕಾಶ ಅರಿಸಿನದ ಬಣ್ಣಕ್ಕೆ ತಿರುಗಿ, ಅರ್ಧ ಗಂಟೆಯಲ್ಲಿ ಹಾಸಿಗೆ, ಹಪ್ಪಳದ ಡಬ್ಬಿ, ದೇವರ ತಲೆ ಎಲ್ಲದರ ಮೇಲೂ ಒಂದು ಪದರ ಕೂರಿಸಿ ಹೋಗುತ್ತದೆ. ಅದು ಹೋದ ಒಂದು ಗಂಟೆಯೊಳಗೆ ನಾನು ಇಡೀ ಮನೆ ಒರೆಸಿ ಮುಗಿಸಿರುತ್ತೇನೆ. ಅದು ನನ್ನ ಹಟ.

ನಮ್ಮ ಮನೆಯವರದು ಪೌರೋಹಿತ್ಯ. ಕರ್ನಾಟಕದಿಂದ, ಆಂಧ್ರದಿಂದ ಬರುವ ಕುಟುಂಬಗಳಿಗೆ ಪಿಂಡಪ್ರದಾನ, ಅಸ್ಥಿ ವಿಸರ್ಜನೆ ಮಾಡಿಸುತ್ತಾರೆ. ಬೆಳಿಗ್ಗೆ ಮಣಿಕರ್ಣಿಕೆಗೋ ಬೇರೆ ಘಾಟಿಗೋ ಹೋದರೆ ಬರುವುದು ಮಧ್ಯಾಹ್ನಕ್ಕೆ. ಮಗಳಿಗೆ ಲಖನೌನಲ್ಲಿ ಮದುವೆಯಾಗಿದೆ. ನಾನು ಫೋನಿನಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಮೇಲಿನ ಕೋಣೆ ಖಾಲಿ ಬಿದ್ದಿತ್ತು. ಮೂರು ವರ್ಷದ ಹಿಂದೆ ಅದಕ್ಕೊಬ್ಬಳು ಹುಡುಗಿ ಬಂದಳು. ಬಳ್ಳಾರಿಯ ಕಡೆಯವಳು, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವವಳು. ಕನ್ನಡದವಳು ಎಂಬ ಒಂದೇ ಕಾರಣಕ್ಕೆ ನಾನು ಎರಡನೇ ಮಾತಿಲ್ಲದೆ ಒಪ್ಪಿದೆ. ಏನು ಓದುತ್ತಿದ್ದೀಯಮ್ಮ ಎಂದು ಕೇಳಿದ್ದು ಅವಳು ಪೆಟ್ಟಿಗೆ ಇಳಿಸಿದ ಮೇಲೆ.

ಧೂಳು ಎಂದಳು.

ನನಗೆ ತಮಾಷೆ ಮಾಡುತ್ತಿದ್ದಾಳೆ ಅನ್ನಿಸಿತು. ಅವಳು ತಮಾಷೆ ಮಾಡುತ್ತಿರಲಿಲ್ಲ. ಅವಳಿಗೆ ಕೋಣೆಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ನಮ್ಮ ತಾರಸಿ. ಸುಡುಘಾಟುಗಳಿಂದ ದೂರ, ಅಡುಗೆ ಹೊಗೆಯಿಂದ ಮೇಲೆ, ಪಶ್ಚಿಮದ ಕಡೆ ಅಡ್ಡ ಕಟ್ಟಡವಿಲ್ಲದ ತಾರಸಿ ಹುಡುಕಿಕೊಂಡು ಊರೆಲ್ಲ ಸುತ್ತಿದ್ದಳಂತೆ. ಅಲ್ಲಿ ಒಂದು ಮರದ ಪೀಠ ಇಟ್ಟು, ಅದರ ಮೇಲೆ ಹಿಟ್ಟು ಕಲಸುವ ಪರಾತದಷ್ಟು ಅಗಲದ ಬಿಳಿಯ ಪ್ಲಾಸ್ಟಿಕ್ ತಟ್ಟೆ ಇಟ್ಟಳು. ಅದರಲ್ಲಿ ಬಿದ್ದ ಧೂಳನ್ನು ದಿನಾ ಬೆಳಿಗ್ಗೆ ಪ್ಲಾಸ್ಟಿಕ್ ಕುಂಚದಿಂದ ಒಂದು ಪುಟ್ಟ ಬಾಟಲಿಗೆ ಗುಡಿಸಿ, ಮುಚ್ಚಿ, ತಾರೀಕು ಬರೆದು ಇಡುವುದು. ಮೂವತ್ತು ವರ್ಷ ನಾನು ಯಾವುದನ್ನು ಹೊರಗೆ ಹಾಕಲು ಒದ್ದಾಡಿದೆನೋ ಅದನ್ನು ಈ ಹುಡುಗಿ ಬಾಟಲಿಯಲ್ಲಿ ತುಂಬಿಸಿಕೊಳ್ಳುತ್ತಿದ್ದಳು. ಬೇಕಾದರೆ ನನ್ನ ಕಸದ ಬುಟ್ಟಿಯಲ್ಲೇ ಇದೆ, ಎಷ್ಟು ಬೇಕಾದರೂ ತಗೋ ಎಂದೆ. ನಕ್ಕಳೇ ಹೊರತು ಬೇಸರಪಡಲಿಲ್ಲ.

ಅವಳ ಕೆಲಸದ ರೀತಿ ನೋಡಿದ ಮೇಲೆ ನನ್ನ ಚೇಷ್ಟೆ ತಾನಾಗಿ ನಿಂತಿತು. ಮಡಿಯ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನನಗೊಂದು ಹಮ್ಮು ಇತ್ತು. ನಮ್ಮ ಅತ್ತೆಯೇ ನನ್ನ ಮಡಿಗೆ ಸುಸ್ತಾಗಿದ್ದರು. ಈ ಹುಡುಗಿಯ ಮಡಿ ಮುಂದೆ ನನ್ನದು ಯಾವ ಲೆಕ್ಕ? ಒಂದು ಬಾಟಲಿಯನ್ನು ಪ್ರಯೋಗಶಾಲೆಯಲ್ಲಿ ಆಸಿಡ್‌ನಲ್ಲಿ ದಿನಗಟ್ಟಲೆ ನೆನೆಸುತ್ತಾಳೆ, ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ತೊಳೆಯುತ್ತಾಳೆ, ಒಂದು ಚೀಲದೊಳಗೆ ಇನ್ನೊಂದು ಚೀಲ ಹಾಕಿ ಮನೆಗೆ ತರುತ್ತಾಳೆ. ತಾರಸಿಗೆ ಹೋಗುವಾಗ ಬಳೆ ತೆಗೆದಿಡುತ್ತಾಳೆ, ಜಡೆ ಮುಚ್ಚಿ ಕಟ್ಟುತ್ತಾಳೆ, ಕೈಗವಸು ತೊಡುತ್ತಾಳೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ನೋಡಿ ಅದರ ವಿರುದ್ಧ ದಿಕ್ಕಿಗೆ ನಿಲ್ಲುತ್ತಾಳೆ, ತನ್ನ ಮೈಮೇಲಿನದ್ದು ತಟ್ಟೆಗೆ ಬೀಳಬಾರದೆಂದು. ತಾರಸಿಯಲ್ಲಿದ್ದ ತುಕ್ಕು ಹಿಡಿದ ಕುರ್ಚಿಯನ್ನೂ ಬಟ್ಟೆ ಒಣಗಿಸುವ ತಂತಿಯನ್ನೂ ನನ್ನನ್ನು ಕೇಳಿ ಕೆಳಗೆ ಇಳಿಸಿದಳು. ಆ ಬೇಸಿಗೆಯೆಲ್ಲ ನಾನು ಹಗ್ಗ ಕಟ್ಟಿ ಬಟ್ಟೆ ಹಾಕಿದೆ. ಮುಟ್ಟಬಾರದು, ಸೋಕಬಾರದು, ಎಡಗೈ ಬಲಗೈ ನೋಡಿಕೊಳ್ಳಬೇಕು ಎಂಬ ಇಂಥ ಕಟ್ಟುಪಾಡೆಲ್ಲ ನನಗೆ ಹೊಸದಲ್ಲ. ಅವಳದೂ ಒಂದು ಮಡಿ ಎಂದು ಅರ್ಥಮಾಡಿಕೊಂಡೆ. ಆಮೇಲಿನ ಎಡವಟ್ಟಿಗೆಲ್ಲ ಮೂಲ ಈ ಅರ್ಥವೇ.

ಇಷ್ಟೆಲ್ಲ ಯಾಕೆ ಎಂಬುದು ಗೊತ್ತಾಗಿದ್ದು ನನ್ನ ಮಾತ್ರೆಗಳಿಂದ. ನನಗೆ ರಕ್ತ ಕಡಿಮೆ. ಹತ್ತಿರದ ಕ್ಲಿನಿಕ್ಕಿನ ಡಾಕ್ಟರಮ್ಮ ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ಊಟದ ಹೊತ್ತಿನಲ್ಲಿ ಆ ಮಾತ್ರೆಗಳ ಪಟ್ಟಿಯನ್ನು ಕಂಡ ಹುಡುಗಿ ಕೈಗೆ ತೆಗೆದುಕೊಂಡು, ದೂರದ ಕಡಲಿಗೂ ಇದೇ ಕಾಯಿಲೆ ಎಂದಳು. ನಡುಗಡಲಿನಲ್ಲಿ ಬಿಸಿಲಿದೆ, ನೀರಿದೆ, ಗಿಡಕ್ಕೆ ಬೇಕಾದ ಗೊಬ್ಬರವೂ ಎಷ್ಟೋ ಕಡೆ ಧಾರಾಳವಾಗಿದೆ. ಆದರೂ ನೀರು ಬಂಜೆಯಂತಿರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಗಿಡಗಳು ಅಲ್ಲಿ ತೇಲುತ್ತಿರುತ್ತವೆ. ಮೀನಿನಿಂದ ತಿಮಿಂಗಿಲದವರೆಗೆ ಎಲ್ಲರ ಊಟ ಶುರುವಾಗುವುದೇ ಅವುಗಳಿಂದ, ನಾವು ಎಳೆದುಕೊಳ್ಳುವ ಉಸಿರಿನಲ್ಲೂ ದೊಡ್ಡ ಪಾಲು ಅಂಥ ಗಿಡಗಳದ್ದು. ಅವು ಬೆಳೆಯಲು ಚೂರೇ ಚೂರು ಕಬ್ಬಿಣ ಬೇಕು. ಅಷ್ಟು ದೂರಕ್ಕೆ ಅದನ್ನು ತಲುಪಿಸುವವರಲ್ಲಿ ಮುಖ್ಯವಾದದ್ದು ಧೂಳು. ಮರುಭೂಮಿಯಲ್ಲಿ ಎದ್ದ ಧೂಳು ಗಾಳಿಯಲ್ಲಿ ಸಾವಿರಾರು ಮೈಲಿ ಹೋಗಿ ಕಡಲಿಗೆ ಬೀಳುತ್ತದೆ. ಅದರಲ್ಲಿರುವ ಕಬ್ಬಿಣದಲ್ಲಿ ಒಂದು ಸಣ್ಣ ಪಾಲು ನೀರಿನಲ್ಲಿ ಕರಗುತ್ತದೆ. ಅದೇ ಅವುಗಳ ಮಾತ್ರೆ.

ನಾನು ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದೆ. ಈ ಹಾಳು ಧೂಳು, ನನ್ನ ಸೊಂಟ ಮುರಿದ ಧೂಳು, ಎಲ್ಲೋ ಯಾರೂ ಇಲ್ಲದ ಕಡಲಿಗೆ ಅನ್ನ ಹಾಕಲು ಹೊರಟದ್ದೇ? ನಮ್ಮ ಮನೆಯವರಿಗೆ ಮಾತ್ರ ಸ್ವಲ್ಪ ಮುನಿಸು ಬಂತು. ಗಂಗೆ ಹರಿದು ಕಡಲಿಗೇ ತಾನೇ ಸೇರುವುದು, ಅವಳಿಗಿಂತ ಧೂಳು ಹೆಚ್ಚೇ ಎಂದರು. ನದಿ ಕಬ್ಬಿಣ ತರುತ್ತದೆ, ಆದರೆ ಉಪ್ಪುನೀರು ಮುಟ್ಟಿದ ಕೂಡಲೇ ಅದರಲ್ಲಿ ಬಹುಪಾಲು ಅಳಿವೆಯಲ್ಲೇ ತಳ ಹಿಡಿಯುತ್ತದೆ, ನಡುಗಡಲಿಗೆ ಹೋಗುವುದು ಬಹಳ ಕಡಿಮೆ ಎಂದು ಹುಡುಗಿ ವಿನಯದಿಂದ ಹೇಳಿದಳು. ಅವರು ಎರಡು ದಿನ ಆ ವಿಷಯ ಎತ್ತಲಿಲ್ಲ. ಮೂರನೇ ದಿನ ಘಾಟಿನಿಂದ ಬಂದವರೇ, ಹೋಗಲಿ, ಇಬ್ಬರೂ ಸೇರಿ ಮಾಡಲಿ ಬಿಡು ಎಂದು ರಾಜಿಯಾದರು.

ನಮ್ಮ ಮನೆ ಮೇಲೆ ಬೀಳುವ ಧೂಳೆಲ್ಲ ಕಡಲಿಗೆ ಹೋಗುತ್ತದೆ ಎಂದು ಅವಳು ಯಾವತ್ತೂ ಹೇಳಲಿಲ್ಲ. ಹೆಚ್ಚಿನದು ದಾರಿಯಲ್ಲೇ ಬೀಳುತ್ತದೆ, ಬಲು ನವಿರಾದದ್ದು ಮಾತ್ರ ಬಂಗಾಳ ಕೊಲ್ಲಿ ದಾಟಬಹುದು ಎನ್ನುತ್ತಿದ್ದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಅವಳಷ್ಟು ಸಲೀಸಾಗಿ ಹೇಳುವವರನ್ನು ನಾನು ಕಂಡಿಲ್ಲ. ಅವಳು ತಿಳಿಯಬೇಕೆಂದಿದ್ದದ್ದು ಒಂದೇ ವಿಷಯ. ಈ ಬಯಲಿನ ಮೇಲೆ ಹಾದುಬರುವ ಧೂಳು ಇಲ್ಲಿನ ಹೊಗೆಯೊಂದಿಗೆ ಬೆರೆಯುತ್ತದಲ್ಲ, ಹೊಗೆಯ ಹುಳಿ ತಾಗಿದ ಮೇಲೆ ಅದರ ಕಬ್ಬಿಣ ಹೆಚ್ಚು ಕರಗುತ್ತದೆಯೇ? ಹುಳಿ ತಾಗಿದರೆ ಕಬ್ಬಿಣ ಬಿಡದೆ ಇರುತ್ತದೆಯೇ ಎಂದೆ ನಾನು. ಕಬ್ಬಿಣದ ಬಾಣಲೆಯಲ್ಲಿ ಹುಣಸೆಹಣ್ಣಿನ ಗೊಜ್ಜು ಕುದಿಸಿ ಅಲ್ಲೇ ಬಿಟ್ಟರೆ ಸಂಜೆಯ ಹೊತ್ತಿಗೆ ಕಪ್ಪಗಾಗಿ, ಬಾಯಿಗಿಟ್ಟರೆ ಮೊಳೆ ನೆಕ್ಕಿದಂತಿರುತ್ತದೆ. ಅವಳು ಊಟದ ತಟ್ಟೆ ಬಿಟ್ಟು ಎದ್ದು ಹೋಗಿ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡು ಬಂದಳು. ನಾನು ಆ ದಿನವೆಲ್ಲ ಬೀಗಿದೆ.

ಎರಡನೇ ಬೇಸಿಗೆಯ ಹೊತ್ತಿಗೆ ವಿಷಯ ಗಂಭೀರವಾಯಿತು. ಹಿಂದೂ ಮಹಾಸಾಗರದ ದಕ್ಷಿಣಕ್ಕೆ ಒಂದು ಸಂಶೋಧನೆಯ ಹಡಗು ಹೊರಡುವುದಿತ್ತು, ಚಳಿಗಾಲದಲ್ಲಿ. ಅವಳ ಗುರುಗಳ ತಂಡಕ್ಕೆ ಅದರಲ್ಲಿ ಒಂದೇ ಜಾಗ. ನಡುಗಡಲಿನ ನೀರನ್ನು ಬಾಟಲಿಗಳಲ್ಲಿ ಎತ್ತಿ, ಅದಕ್ಕೆ ಚಿಟಿಕೆ ಧೂಳು ಹಾಕಿ, ಆ ಸಣ್ಣ ಗಿಡಗಳು ಚಿಗುರುತ್ತವೆಯೇ ನೋಡುವ ಪರೀಕ್ಷೆ. ಅದಕ್ಕೆ ಒಂದು ದೊಡ್ಡ ಆಂಧಿಯ, ಬೇರೆ ಏನೂ ಸೋಂಕದ ಧೂಳು ಬೇಕು. ಮಳೆ ಬರುವುದರೊಳಗೆ ಅಂಥ ಧೂಳು ಅವಳ ಕೈಯಲ್ಲಿದ್ದರೆ ಹಡಗಿನ ಜಾಗ ಅವಳದು, ಇಲ್ಲದಿದ್ದರೆ ಇನ್ನೊಬ್ಬರ ಕೆಲಸಕ್ಕೆ ಹೋಗುತ್ತದೆ. ಇನ್ನೊಂದು ಹಡಗು ಯಾವಾಗಲೋ, ಅಷ್ಟರಲ್ಲಿ ಅವಳ ಓದಿನ ಅವಧಿಯೇ ಮುಗಿದಿರುತ್ತದೆ. ಹುಟ್ಟಿದ ಊರಿನಲ್ಲಿ ಅದಿರಿನ ಕೆಂಪು ಧೂಳು ಕುಡಿದೇ ಬೆಳೆದವಳು, ಕಡಲನ್ನು ಇನ್ನೂ ಕಣ್ಣಾರೆ ಕಂಡಿರಲಿಲ್ಲ.

ಮೇ ತಿಂಗಳಲ್ಲಿ ಅವಳು ಹಡಗಿನ ತರಬೇತಿಗೆಂದು ಹತ್ತು ದಿನ ಗೋವಾಕ್ಕೆ ಹೋಗಲೇಬೇಕಾಯಿತು. ತಟ್ಟೆಯನ್ನು ಯಾರಿಗೆ ಒಪ್ಪಿಸುವುದು? ಜೊತೆಯ ವಿದ್ಯಾರ್ಥಿಗಳೆಲ್ಲ ರಜೆಗೆ ಊರಿಗೆ ಹೋಗಿದ್ದರು. ಅವಳು ನನ್ನ ಮುಂದೆ ಬಂದು ನಿಂತಳು.

"ಅಮ್ಮಾರ, ನಿಮ್ಮಷ್ಟು ಚೊಕ್ಕ ಯಾರೂ ಮಾಡಂಗಿಲ್ರಿ. ಹತ್ತು ದಿನ ನನ್ನ ತಟ್ಟಿ ನೀವು ನೋಡ್ಕೊಳ್ರಿ."

ಹೆತ್ತ ಮಗಳೂ ನನ್ನನ್ನು ನಂಬಿ ಅಷ್ಟು ದೊಡ್ಡ ಕೆಲಸ ಕೊಟ್ಟವಳಲ್ಲ. ಮೂರು ದಿನ ಅವಳ ಜೊತೆ ನಿಂತು ಕಲಿತೆ. ಬಳೆ ತೆಗೆಯುವುದು ಮಾತ್ರ ನನ್ನಿಂದಾಗಲಿಲ್ಲ, ಗಾಜಿನ ಬಳೆಯ ಮೇಲೆ ಉದ್ದದ ಕೈಗವಸು ಏರಿಸಲು ಅವಳೇ ಒಪ್ಪಿದಳು. ಕೋತಿಗಳ ಕಾಟಕ್ಕೆ ತಟ್ಟೆಯ ಸುತ್ತ ಬಿದಿರಿನ ಚೌಕಟ್ಟು ನಿಲ್ಲಿಸಿ ಅಗಲ ಕಣ್ಣಿನ ನೈಲಾನ್ ಬಲೆ ಕಟ್ಟಿ ಹೋದಳು.

ಮೊದಲ ಮೂರು ದಿನ ಎಲ್ಲವೂ ಸುಸೂತ್ರ. ಮೂರನೇ ಸಂಜೆ ಪಕ್ಕದ ಮನೆಯಾಕೆ ತಮ್ಮ ಎತ್ತರದ ತಾರಸಿಯಿಂದ ಬಗ್ಗಿ ನೋಡಿ, ಇದೇನು ಬಿಳಿ ತಟ್ಟೆ, ಇದೇನು ಬಲೆ ಎಂದು ವಿಚಾರಿಸಿದರು. ನಾನು ಸುಮ್ಮನಿರಬಾರದೇ? ನಮ್ಮ ಹುಡುಗಿ, ಹಡಗು, ಸಮುದ್ರ ಎಂದು ಒಂದಕ್ಕೆರಡು ಸೇರಿಸಿ ಕೊಚ್ಚಿಕೊಂಡೆ. ಆಕೆ "ಬಡಾ ನೀಕ್ ಬಾ" ಎಂದರು, ಬಹಳ ಚೆನ್ನಾಗಿದೆ ಎಂದು. ಅಂದು ಮುಸ್ಸಂಜೆಯಲ್ಲೇ ಒಂದು ಗಡವ ಕೋತಿ ಬಲೆಯ ಒಂದು ಮೂಲೆ ಹರಿದು ಹಾಕಿತು. ತಟ್ಟೆಗೆ ಏನೂ ಆಗಲಿಲ್ಲ. ಕಣ್ಣು ಬಿದ್ದಿತಲ್ಲ ಎಂದುಕೊಂಡೆ.

ನಮ್ಮ ಕಡೆ ಕಣ್ಣು ತಾಗಬಾರದೆಂದರೆ ಕಬ್ಬಿಣ ಇಡುವುದು ವಾಡಿಕೆ. ಹಸುಗೂಸಿನ ದಿಂಬಿನ ಕೆಳಗೆ ಅಡಕತ್ತರಿ ಇಡುತ್ತೇವೆ, ಹೊಸ ಮನೆಯ ಬಾಗಿಲಿಗೆ ಕುದುರೆ ಲಾಳ ಹೊಡೆಯುತ್ತೇವೆ. ಗಂಗೆಯ ಆಚೆ ದಡದ ರಾಮನಗರದ ಸಂತೆಯಲ್ಲಿ ಎಂದೋ ಕೊಂಡ ಹಳೆಯ ಲಾಳ ನನ್ನ ಬಳಿ ಇತ್ತು. ಕಣ್ಣು ಬೀಳುವುದು ಮೇಲಿನ ತಾರಸಿಯಿಂದ, ಆದ್ದರಿಂದ ಲಾಳ ತಟ್ಟೆಗೂ ಆಕೆಯ ಕಣ್ಣಿಗೂ ನಡುವೆ ಇರಬೇಕು. ತಟ್ಟೆಯ ನೇರ ಮೇಲೆ, ಬಿದಿರಿನ ಅಡ್ಡಪಟ್ಟಿಗೆ ಕಟ್ಟಿದೆ. ಹುಡುಗಿ ಕುರ್ಚಿ ತಂತಿ ಇಳಿಸಿದ್ದು ನೆನಪಿರಲಿಲ್ಲವೇ ಎಂದರೆ, ಇತ್ತು. ಅವು ಕೊಳೆ, ಅದಕ್ಕೆ ಇಳಿಸಿದಳು ಎಂದುಕೊಂಡಿದ್ದೆ. ಇದನ್ನು ನಾನು ಮಡಿಯಲ್ಲೇ ಮಾಡಿದ್ದೆ. ದೇವರ ಸಾಮಾನು ಬೆಳಗುವ ಹಾಗೆ ಹುಣಸೆಹಣ್ಣು ಹಚ್ಚಿ ಗಸಗಸ ತಿಕ್ಕಿ, ಥಳಥಳ ಮಾಡಿ, ನೀರು ಸುರಿದು, ಹಸಿಯಾಗಿಯೇ ಕಟ್ಟಿದ್ದೆ. ಹುಣಸೆಹಣ್ಣು ಸೋಕಿದ ಮೇಲೆ ಅದಕ್ಕಿಂತ ಶುದ್ಧ ಯಾವುದಿದೆ ಎಂಬುದು ನನ್ನ ನಂಬಿಕೆ.

ಆರನೇ ದಿನ ಆಂಧಿ ಬಂತು. ಎಷ್ಟೋ ವರ್ಷದಲ್ಲಿ ಅಂಥದ್ದು ಬಂದಿರಲಿಲ್ಲ. ಹಗಲಲ್ಲೇ ದೀಪ ಹಾಕಬೇಕಾಯಿತು, ಎದುರುಮನೆಯ ತಗಡು ಹಾರಿ ಗಲ್ಲಿಗೆ ಬಿತ್ತು. ಮಾರನೆಯ ಬೆಳಿಗ್ಗೆ ಹೋಗಿ ನೋಡಿದರೆ ತಟ್ಟೆಯ ತುಂಬ ಗೋದಿಹಿಟ್ಟಿನಂಥ ನಯವಾದ ಕಂದು ಧೂಳು. ಒಂದು ಕಣ ಚೆಲ್ಲದ ಹಾಗೆ ಗುಡಿಸಿ ತುಂಬಿಸಿ, ತಾರೀಕು ಬರೆದೆ. ಲಾಳ ಮಾತ್ರ ಥಳಥಳ ಕಳೆದುಕೊಂಡು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ನೋಡಿದೆ. ನೋಡಿಯೂ ಏನೂ ಹೊಳೆಯಲಿಲ್ಲ. ಅವಳು ಬರುವ ಹಿಂದಿನ ದಿನ ಅದನ್ನು ಬಿಚ್ಚಿ ಕಪಾಟಿನಲ್ಲಿಟ್ಟೆ. ಓದಿದ ಹುಡುಗಿ, ಇಂಥದಕ್ಕೆಲ್ಲ ನಗುತ್ತಾಳೆ ಎಂಬ ಸಂಕೋಚ.

ಎರಡು ವಾರದ ಮೇಲೆ ಒಂದು ಸಂಜೆ ಅವಳು ಲಾಲ್ ಪೇಡೆಯ ಪೊಟ್ಟಣ ಹಿಡಿದು ಬಂದಳು. ಅಷ್ಟು ಸಂತೋಷದಲ್ಲಿ ಅವಳನ್ನು ನಾನು ನೋಡಿಯೇ ಇರಲಿಲ್ಲ. ನಾನು ಹಿಡಿದ ಆಂಧಿಯ ಧೂಳಿನಲ್ಲಿ ಕರಗುವ ಕಬ್ಬಿಣ ಬೇರೆ ದಿನಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಇತ್ತಂತೆ. ಇಷ್ಟು ಹೆಚ್ಚು ಎಲ್ಲೂ ಓದಿಲ್ಲ, ಗುರುಗಳೂ ಬೆರಗಾಗಿದ್ದಾರೆ, ಇನ್ನೊಮ್ಮೆ ಅಳೆದು ಹಡಗಿಗೆ ಹೆಸರು ಕಳಿಸುವುದೊಂದೇ ಬಾಕಿ ಎಂದಳು. ಪೇಡೆಯನ್ನು ತಾನೇ ನನ್ನ ಬಾಯಿಗಿಟ್ಟು, ನೀವು ಹೇಳಿದ ಹಾಗೇ ಆಯಿತು, ಹುಣಸೆಹಣ್ಣು ಮತ್ತು ಬಾಣಲೆ ಎಂದು ನಕ್ಕಳು.

ಹುಣಸೆಹಣ್ಣು ಎಂದಳಲ್ಲ, ಆಗ ಹೊಳೆಯಿತು. ಕಿತ್ತಳೆ ಬಣ್ಣದ ಲಾಳ ಕಣ್ಣ ಮುಂದೆ ಬಂತು. ಆಂಧಿಯಲ್ಲಿ ಅದು ಬಿದಿರಿಗೆ ಬಡಿದು ಬಡಿದು ಉದುರಿಸಿದ್ದೆಲ್ಲ ಹೋಗಿದ್ದು ಎಲ್ಲಿಗೆ? ನೇರ ಕೆಳಗಿನ ತಟ್ಟೆಗೆ. ನನಗೆ ರಸಾಯನಶಾಸ್ತ್ರ ಗೊತ್ತಿಲ್ಲ, ಬಾಣಲೆ ಗೊತ್ತು. ಅವಳು ಕುಣಿಯುತ್ತಿದ್ದದ್ದು ನನ್ನ ಲಾಳದ ತುಕ್ಕನ್ನು ಕಂಡು.

ಅವಳು ಮೇಲೆ ಹೋದ ಮೇಲೆ ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಹೇಳದೆ ಇದ್ದರೆ ಹುಡುಗಿ ಹಡಗು ಹತ್ತುತ್ತಾಳೆ, ಹೇಳಿದರೆ ಅವಳ ಜಾಗ ನನ್ನ ಕೈಯಿಂದಲೇ ಹೋಗುತ್ತದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಘಾಟಿನಲ್ಲಿ ಒಂದೊಂದು ಸಲ ಕ್ರಮ ತಪ್ಪುತ್ತದೆ, ಎದುರು ಕೂತವರಿಗೆ ಗೊತ್ತೇ ಆಗುವುದಿಲ್ಲ, ಆಗ ಏನು ಮಾಡುತ್ತೇನೆ ಹೇಳು ಎಂದು ಕೇಳಿದರು. ನನಗೆ ಗೊತ್ತಿತ್ತು. ತಪ್ಪಾಯಿತು ಎಂದು ಹೇಳಿ, ಸಂಕಲ್ಪದಿಂದ ಮತ್ತೆ ಶುರು ಮಾಡಿಸುತ್ತಾರೆ. ಬಿಸಿಲಲ್ಲಿ ಬೆಂದರೂ, ರೈಲಿನ ಹೊತ್ತಾದರೂ.

"ಸತ್ತವರ ಕೆಲಸಕ್ಕೇ ನಾನು ಸುಳ್ಳು ಸೇರಿಸಲ್ಲ ಕಣೇ. ಅವಳದು ಬದುಕಿರೋ ಕಡಲಿನ ಕೆಲಸ" ಎಂದರು.

ಬೆಳಿಗ್ಗೆ ಅವಳು ಬಾಟಲಿ ತೆಗೆದುಕೊಂಡು ತಾರಸಿಗೆ ಹೊರಟಾಗ ನಾನೂ ಹಿಂದೆ ಹತ್ತಿದೆ. ಸೆರಗಿನಲ್ಲಿ ಲಾಳ ಇತ್ತು. ಮಾತು ಜೋಡಿಸಿಕೊಂಡಿದ್ದೆ, ಎಲ್ಲ ಮರೆತುಹೋಯಿತು. ಲಾಳ ತೆಗೆದು ಅವಳ ಮುಂದೆ ಹಿಡಿದು, ಎಲ್ಲಿ ಕಟ್ಟಿದ್ದೆ, ಯಾವ ದಿನ, ಹೇಗೆ ತೊಳೆದೆ ಎಂದು ಹೇಳಿಬಿಟ್ಟೆ. ಅಳು ಬಂತು. ಅಳಬಾರದೆಂದುಕೊಂಡಿದ್ದೆ, ಅದೂ ಆಗಲಿಲ್ಲ.

ಅವಳು ಪೀಠದ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ತಲೆಯೆತ್ತಿ ಬಿದಿರಿನ ಅಡ್ಡಪಟ್ಟಿಯನ್ನೂ ಅದರ ಕೆಳಗಿನ ತಟ್ಟೆಯನ್ನೂ ನೋಡಿದಳು. ನಾನು ಅವಳ ಮುಖದಲ್ಲಿ ಸಿಟ್ಟು ಹುಡುಕುತ್ತಿದ್ದೆ. ಕಂಡದ್ದು ಸುಸ್ತು. ಆಮೇಲೆ ಅವಳು ಹೇಳಿದ ಮಾತು ನನಗೆ ಈಗಲೂ ಅಕ್ಷರಶಃ ನೆನಪಿದೆ.

"ಅಮ್ಮಾರ, ತಪ್ಪು ನಂದೂ ಐತ್ರಿ. ಕಬ್ಬಿಣ ಬ್ಯಾಡ ಅಂತ ಎಲ್ಲಾ ಇಳಿಸ್ದೆ, ಯಾಕ ಅಂತ ನಿಮಗ ಹೇಳ್ಲಿಲ್ಲ. ನೀವು ಹೇಳದಿದ್ರ ನಾನು ಸುಳ್ಳು ಹೊತ್ಕೊಂಡು ಸಮುದ್ರಕ್ಕ ಹೋಗ್ತಿದ್ದೆ."

ಅಲ್ಲೇ, ನನ್ನ ಎದುರೇ, ಗುರುಗಳಿಗೆ ಫೋನು ಮಾಡಿದಳು. ಆ ದಿನಗಳ ಧೂಳು ಉಪಯೋಗಕ್ಕೆ ಬರುವುದಿಲ್ಲ, ತಟ್ಟೆಯ ಮೇಲೆ ಕಬ್ಬಿಣದ ವಸ್ತು ಇತ್ತು, ತಾನು ಸರಿಯಾಗಿ ತಿಳಿಸಿ ಹೇಳಿರಲಿಲ್ಲ ಎಂದು ಹಿಂದಿಯಲ್ಲಿ ಹೇಳಿದಳು. ಯಾರು ಇಟ್ಟರು ಎಂದು ಅವರು ಕೇಳಿರಬೇಕು. ಅದು ಮುಖ್ಯವಲ್ಲ ಸರ್ ಎಂದಳು. ನನಗೆ ಅವಳ ಕಾಲು ಹಿಡಿಯಬೇಕು ಅನ್ನಿಸಿತು. ನನ್ನ ಮಗಳಿಗಿಂತ ಚಿಕ್ಕವಳು. ಅಷ್ಟು ದೊಡ್ಡದು ಕೈಯಿಂದ ಜಾರುತ್ತಿರುವಾಗ ಇನ್ನೊಬ್ಬರ ಮಾನ ಕಾಯುವುದನ್ನು ಈ ವಯಸ್ಸಿನಲ್ಲಿ ಎಲ್ಲಿ ಕಲಿತಳು?

ಬಾಟಲಿಗಳನ್ನು ಅವಳು ಎಸೆಯಲಿಲ್ಲ. ಕೆಟ್ಟದ್ದೂ ದಾಖಲೆಯೇ, ಇರಲಿ ಎಂದಳು. ಪ್ರತಿಯೊಂದರ ಚೀಟಿಯ ಮೇಲೂ ಕಾರಣವನ್ನು ನನ್ನಿಂದಲೇ ಬರೆಸಿದಳು. "ಲಾಳ ಇತ್ತು" ಎಂದು ಕನ್ನಡದಲ್ಲಿ ಬರೆದೆ. ವಿಶ್ವವಿದ್ಯಾಲಯದ ಫ್ರಿಜ್ಜಿನಲ್ಲಿ ಅವು ಈಗಲೂ ಇವೆಯಂತೆ.

ಉಳಿದದ್ದು ಒಂದೇ ದಾರಿ, ಮಳೆಗೆ ಮೊದಲು ಇನ್ನೊಂದು ಆಂಧಿ ಬರಬೇಕು. ಜೂನ್ ಅರ್ಧ ಆಗಿತ್ತು. ಒಮ್ಮೆ ಮಳೆ ಹಿಡಿದರೆ ಧೂಳೆಲ್ಲ ನೆಲ ಕಚ್ಚುತ್ತದೆ, ಆ ವರ್ಷದ ಕತೆ ಮುಗಿಯಿತು. ಗುರುಗಳು ಅಲ್ಲಿಯವರೆಗೆ ಜಾಗ ಹಿಡಿದಿಡಲು ಒಪ್ಪಿದ್ದರು. ಊರೆಲ್ಲ ಮಳೆಗಾಗಿ ಬಾಯಿ ಬಿಡುತ್ತಿತ್ತು. ತರಕಾರಿಯವನು, ರಿಕ್ಷಾದವನು, ಪಕ್ಕದ ಮನೆಯಾಕೆ ಎಲ್ಲರೂ ಆಕಾಶ ನೋಡಿ ಯಾವಾಗ ಸುರಿಯುತ್ತದೋ ಎನ್ನುತ್ತಿದ್ದರು. ನಾನೊಬ್ಬಳು ದೇವರ ಮುಂದೆ ನಿಂತು ಧೂಳು ಬರಲಿ ಎಂದು ಬೇಡುತ್ತಿದ್ದೆ. ಮೂವತ್ತು ವರ್ಷ ಶಾಪ ಹಾಕಿದ ಬಾಯಿಯಿಂದಲೇ. ಪೂರ್ವದಲ್ಲಿ ಒಂದು ಮೋಡ ಕಂಡರೆ ಅದಕ್ಕೆ ಬೈಯುತ್ತಿದ್ದೆ. ಎರಡು ಸಲ ತುಂತುರು ಬಂದು ಹೋಯಿತು. ಪ್ರತಿ ಸಲವೂ ನಾವಿಬ್ಬರೂ ಓಡಿ ತಟ್ಟೆಗೆ ಮುಚ್ಚಳ ಹಾಕಿ, ಆಮೇಲೆ ಹೊಸ ತಟ್ಟೆ ಇಟ್ಟು ಸಂಕಲ್ಪದಿಂದ ಮತ್ತೆ ಶುರು ಮಾಡಿದೆವು. ನನ್ನಿಂದ ಕೇಳಿದ ನಮ್ಮ ಮನೆಯವರ ಆ ಮಾತು ಅವಳಿಗೆ ಬಹಳ ಹಿಡಿಸಿಬಿಟ್ಟಿತ್ತು.

ಕೊನೆಗೆ ಒಂದು ಮಧ್ಯಾಹ್ನ, ಊಟ ಮುಗಿಸಿ ಅಡುಗೆಮನೆ ಒರೆಸುತ್ತಿದ್ದಾಗ, ಕಿಟಕಿಯ ಬೆಳಕು ಅರಿಸಿನದ ಬಣ್ಣಕ್ಕೆ ತಿರುಗಿತು. ಅವಳು ವಿಶ್ವವಿದ್ಯಾಲಯದಲ್ಲಿದ್ದಳು. ನಾನು ಒರೆಸುವ ಬಟ್ಟೆ ಅಲ್ಲೇ ಬಿಸಾಕಿ ಕೈಗವಸು ತೊಟ್ಟು ಮೇಲೆ ಓಡಿದೆ. ಕಿಟಕಿಗಳೆಲ್ಲ ತೆರೆದೇ ಇದ್ದವು. ಮಳೆಯ ಭಯಕ್ಕೆ ತಟ್ಟೆಗೆ ಹಾಕಿದ್ದ ಮುಚ್ಚಳ ತೆಗೆದು, ಅವಳು ಕಲಿಸಿದ ಹಾಗೆ ಗಾಳಿ ಬರುವ ಕಡೆ ಬಿಟ್ಟು ಆಚೆ ಬದಿಗೆ ಸರಿದು ತಾರಸಿಯ ಮೂಲೆಯಲ್ಲಿ ಕೂತೆ, ಕೋತಿ ಬಂದರೆ ಓಡಿಸಲು. ಪಶ್ಚಿಮದಿಂದ ಕಂದು ಗೋಡೆಯೇ ಎದ್ದು ಬಂತು. ಕಣ್ಣು, ಮೂಗು, ಬಾಯಿ, ಸೀರೆಯ ನೆರಿಗೆ, ಎಲ್ಲ ಕಡೆ ಧೂಳು. ಹಲ್ಲಿನ ನಡುವೆ ಕರಕರ. ನನ್ನ ಜನ್ಮದಲ್ಲಿ ನಾನು ಅಷ್ಟು ಕೊಳೆಯಾಗಿದ್ದಿಲ್ಲ, ಅಷ್ಟು ಸಂತೋಷವಾಗಿಯೂ ಇದ್ದಿಲ್ಲ. ಬಾ ತಾಯಿ, ಬಾ, ಇಲ್ಲಿ ಬೀಳು ಎಂದು ಗೊಣಗುತ್ತಿದ್ದೆ. ಹುಡುಗಿ ಸೈಕಲ್ಲು ತುಳಿದುಕೊಂಡು ಆಂಧಿಯಲ್ಲೇ ಬಂದವಳು ಮೆಟ್ಟಿಲು ಹತ್ತಿ ನನ್ನನ್ನು ನೋಡಿ ಅಲ್ಲೇ ನಿಂತಳು. ನನ್ನ ಮುಖ ಹೇಗಿತ್ತೋ, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಗಾಳಿ ಇಳಿದ ಮೇಲೆ ಅವಳೇ ಗುಡಿಸಿ ತುಂಬಿಸಿದಳು. ನಾನು ಹತ್ತಿರ ಹೋಗಲಿಲ್ಲ, ನನ್ನ ಮೈಯೇ ಒಂದು ಆಂಧಿಯಾಗಿತ್ತು. ಐದು ದಿನದ ಮೇಲೆ ಮಳೆ ಹಿಡಿಯಿತು.

ಈ ಸಲ ಕರಗುವ ಕಬ್ಬಿಣ ಸಾಧಾರಣ ಪ್ರಮಾಣದಲ್ಲಿತ್ತು. ಯಾರೂ ಬೆರಗಾಗಲಿಲ್ಲ, ಪೇಡೆ ಬರಲಿಲ್ಲ. ಅವಳು ಮಾತ್ರ ಆ ಸಣ್ಣ ಅಂಕಿಯನ್ನು ಮೂರು ಸಲ ಅಳೆದು, ಮೂರು ಸಲವೂ ಅಷ್ಟೇ ಬಂತು, ಇದು ನಿಜ ಎಂದು ಹೇಳಿದಾಗ ಅವಳ ಮುಖದಲ್ಲಿ ಒಂದು ನೆಮ್ಮದಿ ಇತ್ತು. ಹಡಗಿನ ಜಾಗ ಅವಳಿಗೇ ಆಯಿತು.

ಹೊರಡುವ ದಿನ ಚಳಿ ಶುರುವಾಗಿತ್ತು. ಚಟ್ನಿಪುಡಿ, ಹುರಿಹಿಟ್ಟು ಕಟ್ಟಿಕೊಟ್ಟೆ. ಹಡಗಿನಲ್ಲಿ ಕೆಲಸ ಹೇಗೆ ಎಂದು ಕೇಳಿದೆ. ಹಡಗೇ ಕಬ್ಬಿಣದ್ದು, ಅದೇ ದೊಡ್ಡ ತಲೆನೋವು, ಅದಕ್ಕೆ ಪ್ರಯೋಗದ ಕೋಣೆಗೆಲ್ಲ ಪ್ಲಾಸ್ಟಿಕ್ ಹೊದಿಸಿ, ನೀರನ್ನು ಲೋಹ ತಾಗದ ಬಾಟಲಿಯಲ್ಲಿ ಗಟ್ಟಿ ಕೃತಕ ನೂಲಿನ ಹಗ್ಗದಿಂದ ಎತ್ತುತ್ತಾರೆ ಎಂದಳು. ನಮ್ಮ ತಾರಸಿಯ ಧೂಳು ಚೀಲದೊಳಗೊಂದು ಚೀಲದಲ್ಲಿ ಅವಳ ತೊಡೆಯ ಮೇಲಿತ್ತು. ಗಲ್ಲಿಯ ತುದಿಯಲ್ಲಿ ರಿಕ್ಷಾ ಕಾಯುತ್ತಿತ್ತು. ನಮ್ಮ ಮನೆಯವರಿಗೆ ನಮಸ್ಕಾರ ಮಾಡಿದಳು, ನನಗೂ ಮಾಡಿದಳು, ಹೊಸಿಲು ದಾಟಿದಳು. ಮತ್ತೆ ಹಿಂದಿರುಗಿ ಬಂದಳು. ಏನೋ ಕೇಳಬೇಕು, ನಾಚಿಕೆ.

"ಅಮ್ಮಾರ, ಆ ಲಾಳ ಕೊಡ್ರಿ. ಮಲಗೋ ಕೋಣ್ಯಾಗ ಇಟ್ಕೋತೀನಿ. ಸಮುದ್ರ ಅಂದ್ರ ಅಂಜಿಕಿ ಆಗ್ತೈತಿ."

ಓದಿದ ಹುಡುಗಿ ನಗುತ್ತಾಳೆ ಎಂದು ಬಚ್ಚಿಟ್ಟಿದ್ದೆನಲ್ಲ, ಅದನ್ನೇ ಕೇಳಿದಳು. ಕಪಾಟಿನಿಂದ ತೆಗೆದು, ಒಣಬಟ್ಟೆಯಲ್ಲಿ ತುಕ್ಕೆಲ್ಲ ಹೋಗುವ ಹಾಗೆ ಉಜ್ಜಿ, ತೆಳ್ಳಗೆ ಎಣ್ಣೆ ಸವರಿ, ಪ್ಲಾಸ್ಟಿಕ್ ಚೀಲದೊಳಗೊಂದು ಚೀಲದಲ್ಲಿ ಹಾಕಿ ಬಾಯಿ ಬಿಗಿದು ಕಟ್ಟಿ ಅವಳ ಕೈಗೆ ಕೊಟ್ಟೆ. ಹುಣಸೆಹಣ್ಣು ಮಾತ್ರ ಮುಟ್ಟಿಸಲಿಲ್ಲ.